ಹುಣಸವ್ವನ ಹೊಸ ಪೊರೆ

ಇಂಡಿ,
ಶ್ರಾವಣ ಮಾಸ, ೨೦೦೩

ನನ್ನನ್ನು ಬಿಟ್ಟು ಮುದ್ದೇಬಿಹಾಳದ ಪಾಲಾದ ಸಂಘಮಿತ್ರಾ,

ನಿನ್ನ ಕ್ಷೇಮ ಕೇಳುವುದಿಲ್ಲ. ಲಗ್ನವಾದ ಮೇಲೆ ಮೈಕೈ ತುಂಬಿಕೊಂಡಿದ್ದೀ ಎಂದು ತಾಳಿಕೋಟೆಯಲ್ಲಿ ನಿನ್ನನ್ನು ಕಂಡ ಸೈದಾಬಿ ಟೀಚರ್ ಬಂದು ಹೇಳಿದರು. ನನ್ನ ಕ್ಷೇಮ ನೀನು ಕೇಳಿಲ್ಲ, ಆದ್ದರಿಂದ ಹೇಳುವುದಿಲ್ಲ. ನಿನ್ನ ಕಾರ್ಡಿನಲ್ಲಿದ್ದದ್ದು ಒಂದೇ ಸಾಲು: "ರಾಜಿ, ಹುಣಸವ್ವಗ ಬಣ್ಣ ಬಂತೇನ?" ಎರಡು ಕಾಲಿನ ಗೆಳತಿಗಿಂತ ಎಂಟು ಕಾಲಿನ ಜೇಡ ಹೆಚ್ಚಾಯಿತು. ಕಾಲೆಂಟು, ನಿನಗದರದೇ ನಂಟು. ಆಗಲಿ.

ಗೊಳಸಂಗಿಯ ನಿಮ್ಮ ಹೊಲದಲ್ಲಿ ಹುಣಸೆಮರ ಬಿದ್ದಾಗ ಅದರ ಪೊಟರೆಯಿಂದ ನೀನು ಅದನ್ನು ತಂದದ್ದು. ಆಗ ಹುರಿಗಡಲೆಯಷ್ಟಿತ್ತು, ಬಣ್ಣ ಹಳೆ ಗೋಣಿಚೀಲದ್ದು. ಜೈನುದ್ದೀನನ ಅಂಗಡಿಯ ಪೆಪ್ಪರ್‌ಮೆಂಟಿನ ಭರಣಿಯಲ್ಲಿ ಬಿಟ್ಟು, "ಇದು ಟರಾಂಟುಲಾ, ದೊಡ್ಡ ಜಾತಿ ಜಾಡ. ಬೆಳೀಲಿ ನೋಡು, ಬಣ್ಣ ಬರತೈತಿ" ಎಂದೆ. ನೀನು ಪ್ರಾಣಿಶಾಸ್ತ್ರ, ನಾನು ಪ್ರಾಸಶಾಸ್ತ್ರ. ಒಂದೇ ಖೋಲಿಯಲ್ಲಿ ಇಬ್ಬರೂ ಸುಖವಾಗಿದ್ದೆವು, ಈ ಮೂರನೆಯವಳು ಬರುವ ತನಕ. ಅದು ಪೊರೆ ಬಿಟ್ಟಾಗಲೆಲ್ಲ ನಿನಗೆ ಹಬ್ಬ. ಅದರ ಕಾಲಿಗೆ ಬಿಳಿ ಗೆರೆ ಮೂಡಿದರೆ ಸ್ಟಾಫ್‌ರೂಮಿಗೆಲ್ಲ ಸುದ್ದಿ. ನನ್ನ ತಲೆಯಲ್ಲಿ ಬಿಳಿ ಗೆರೆ ಮೂಡಿದ್ದು ಮಾತ್ರ ನಿನ್ನ ಕಣ್ಣಿಗೆ ಬೀಳಲೇ ಇಲ್ಲ.

ಜೇಡದ ಮೇಲೆ ಹೊಟ್ಟೆಕಿಚ್ಚು ಪಡುವವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಅದೂ ಹಗುರವೇ ಆಗಿತ್ತು, ಪರಮಾನಂದರು ಬರುವ ತನಕ. ಮುದ್ದೇಬಿಹಾಳ ಬಸ್‌ಸ್ಟ್ಯಾಂಡಿನ ಕಂಟ್ರೋಲರ್! ಸಿಂದಗಿಗೆ, ಇಂಡಿಗೆ ದಿನವಿಡೀ ಬಸ್ ಬಿಡುವ ಮನುಷ್ಯ, ಅದರಲ್ಲಿ ಒಂದಕ್ಕಾದರೂ ನಿನ್ನನ್ನು ಹತ್ತಿಸಬಾರದೇ? ಬಸವನ ಬಾಗೇವಾಡಿಯಲ್ಲಿ ಬುದ್ಧನ ಮೂರ್ತಿಯ ಮುಂದೆ ಲಗ್ನದ ಬಿಳಿ ಸೀರೆಯುಟ್ಟು ನೀನು ಅವರ ಪಕ್ಕ ಕೂತಾಗ ನನ್ನ ಗೆಳತಿ ಯಾರೆಂದು ನನಗೇ ಗುರುತು ಹತ್ತಲಿಲ್ಲ. ಹೊರಡುವಾಗ ಭರಣಿಯನ್ನು ನನ್ನ ಕೈಗಿಟ್ಟು ಹೇಳಿದೆ: "ಅವರು ಜಾಡ ಕಂಡ್ರ ಹೌಹಾರತಾರ. ಪೂರ್ತಿ ಬಣ್ಣ ಬರೂತನಾ ನಿನ್ನ ಹತ್ರ ಇರಲಿ, ಅಷ್ಟರಾಗ ಅವರಿಗೆ ರೂಢಿ ಮಾಡಿಸಿ, ಬಂದು ಒಯ್ತೇನಿ."

ಮೊನ್ನೆಯ ಸೋಮವಾರದ ಸಂಗತಿ ಕೇಳು. ಹುಣಸವ್ವ ಊಟ ಬಿಟ್ಟು ಬಹಳ ದಿನವಾಗಿತ್ತು. ಎದುರಿಗೆ ಬಿಟ್ಟ ಜಿರಲೆಯನ್ನು ಬೀಗರಂತೆ ಅಡ್ಡಾಡಲು ಬಿಟ್ಟಿತ್ತು. ಸಂಜೆ ಸಾಲಿಯಿಂದ ಬಂದು ನೋಡುತ್ತೇನೆ, ಕಾಲು ಚೆಲ್ಲಿ ಅಂಗಾತ ಬಿದ್ದಿದೆ! ಮನೆ ಮಾಲಕಿ ಸಿದ್ದವ್ವ ಭರಣಿಯ ಮುಚ್ಚಳ ತೆಗೆದು, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ವಿಭೂತಿ ಹಿಡಿದು ನಿಂತಿದ್ದಾಳೆ. "ಪಾಪ, ಜೀವ ಬಿಟ್ಟೈತ್ರಿ ಟೀಚರ. ಹಿಂಗ ಅಂಗಾತ ಬಿಡಬಾರದ್ರಿ, ಕೂಡ್ರಿಸಿ ಮಣ್ಣ ಕೊಡೂನು." ನಮ್ಮ ಲಿಂಗಾಯತ ಮಂದಿಯ ಪದ್ಧತಿ ನಿನಗೆ ಗೊತ್ತು, ಸತ್ತವರನ್ನು ಕೂಡ್ರಿಸಿಯೇ ಹೂಳುತ್ತೇವೆ.

ಚಮಚ ಒಳಗಿಳಿಯಿತು. ಸುಳ್ಳೇಕೆ ಹೇಳಲಿ, ನನ್ನ ಎದೆ ಒಮ್ಮೆ ಹಗುರಾಯಿತು. ಅಷ್ಟರಲ್ಲಿ ನೀನು ಯಾವಾಗಲೋ ನಗುತ್ತ ಹೇಳಿದ್ದು ನೆನಪಾಯಿತು: "ಸತ್ತ ಜಾಡ ಕಾಲು ಮುದುಡಿ ತಾನ ಕೂತಿರತೈತಿ, ಥೇಟ್ ನಿಮ್ಮ ಮಂದಿ ಹಂಗ. ಅಂಗಾತ ಮಲಗಿದ್ರ ಪೊರಿ ಬಿಡಾಕತ್ತೈತಿ ಅಂತ ತಿಳಿ. ಆಗ ಮುಟ್ಟಿದ್ರ ಸಾಯತೈತಿ." ಸುಮ್ಮನಿದ್ದರೆ ಸಾಕಿತ್ತು. "ತಡೀ ಯವ್ವಾ!" ಎಂದು ಚೀರಿದೆ. "ಅದು ಸತ್ತಿಲ್ಲ, ಸೀರಿ ಬದಲಿ ಮಾಡಾಕತ್ತೈತಿ!"

"ಅಯ್ಯ, ಮೊದಲ ಹೇಳಬಾರದೇನ್ರಿ!" ಎಂದು ಸಿದ್ದವ್ವ ಮಾರಿ ಆ ಕಡೆ ತಿರುಗಿಸಿ, ಭರಣಿಗೆ ಸೆರಗು ಮರೆ ಮಾಡಿ ನಿಂತಳು.

ಮರುದಿನ ಬೆಳಕಿಗೆ ಹಿಡಿದು ನೋಡಿದೆ. ಹಳೆ ಪೊರೆ ಪಕ್ಕಕ್ಕೆ ಬಿದ್ದಿತ್ತು, ಕಾಲಿನ ಕೂದಲು ಸಮೇತ. ಹುಣಸವ್ವನ ಹಲ್ಲು ಇನ್ನೂ ಬೆಳ್ಳಗೆ, ಮೆತ್ತಗೆ. ಬೆನ್ನ ಮೇಲೆ ಬೂದಿ ಬಿಳುಪಿನ ಚಿತ್ತಾರ. ಮುಂಗಾಲೆತ್ತಿದಾಗ, ಸಂಘಮಿತ್ರಾ, ಒಳಮೈಯೆಲ್ಲ ಕುಸುಬಿ ಹೂವಿನ ಹಳದಿ! ಬಣ್ಣ ಬಂತು ನೋಡ. ಎಷ್ಟು ಚಂದವೆಂದರೆ, ಹೊಟ್ಟೆಕಿಚ್ಚಿಗೂ ಮಾತು ಹೊರಡಲಿಲ್ಲ.

ಬರೆದರೆ ನೀನು ಬಂದು ಒಯ್ಯುತ್ತೀ. ಬರೆಯದಿದ್ದರೆ ಬರುವುದೇ ಇಲ್ಲ. ಈ ವಾರವೆಲ್ಲ ಇದೇ ಲೆಕ್ಕ. ಆಮೇಲೆ ನಿನ್ನದೇ ಇನ್ನೊಂದು ಮಾತು ಕೈ ಹಿಡಿಯಿತು: "ಗಂಡಿಗೆ ಬಣ್ಣ ಬಂದ ಪೊರಿನ ಕಡೀದು. ಹೆಣ್ಣು ಮಾತ್ರ ಆಮ್ಯಾಲೂ ಬಿಡತಾನ ಇರತೈತಿ." ಇದು ಹುಣಸವ್ವನೋ ಹುಣಸಪ್ಪನೋ ನೋಡಬೇಕಾದವಳು ನೀನು, ನೋಡುವುದು ಕಳಚಿದ ಪೊರೆಯಲ್ಲಿ. ಅದನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಕೊಟ್ಟರೆ ಮೊದಲು ಕಂಟ್ರೋಲರ್ ಸಾಹೇಬರ ಕೈಗೇ ಹೋಗುತ್ತದೆ. ಅವರು ಬಿಚ್ಚಿ ಹೌಹಾರುವುದನ್ನು ನೆನೆದು ಬಹಳ ಆಸೆಯಾಯಿತು.

ಆದರೂ ಕಳಿಸಲಾರೆ. ಪೊರೆ ಇಲ್ಲಿಯೇ ಕಿಟಕಿಯಲ್ಲಿದೆ, ಬಂದು ನೋಡು. ಗಂಡಾದರೆ ಅವತ್ತೇ ಒಯ್ಯಿ. ಹೆಣ್ಣಾದರೆ ಇಲ್ಲೇ ಬಿಡು; ಪ್ರತಿ ಪೊರೆಗೂ ಒಂದು ಕಾರ್ಡು ಹಾಕುತ್ತೇನೆ, ಪ್ರತಿ ಸಲವೂ ನೀನು ಬರಬೇಕು. ಒಬ್ಬಳೇ.

ಹೊಸ ಪೊರೆ ನಿನಗೆ ಎಂದೂ ಬಿಗಿಯದಿರಲಿ. ಹಳೆಯದನ್ನು ಯಾರೂ ಎಸೆಯದಿರಲಿ.

ಕಿಟಕಿಯ ಬಳಿ ಕೂತ,
ನಿನ್ನ ರಾಜೇಶ್ವರಿ