ಕುದುರೆ ಇಲ್ಲದ ಕುದುರೆ ದಳ

ಬೇರಿಕೆ
೧೦-೯-೧೯೪೨

ಚಿರಂಜೀವಿ ಆವುಲಪ್ಪನಿಗೆ ನಿನ್ನ ಅಪ್ಪ ಮುತ್ತರಾಯಪ್ಪನ ಆಶೀರ್ವಾದ.

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ರಾಗಿ ಹೊಲದ ಕಳೆ ಮುಗಿಯಲೆಂದು ಕಾದೆ. ನೀನೇನು ಕಮ್ಮಿ? ಯುಗಾದಿಗೆ ಮುಂಚೆ ಬಂದ ಕಾಗದವೇ ಕೊನೆ. ಅದರಲ್ಲೂ ಅರ್ಧಕ್ಕೆ ದಂಡಿನವರು ಮಸಿ ಬಳಿದಿದ್ದರು. ಅಲ್ಲಿ ಬಿಸಿಲು ಜೋರು ಎನ್ನುವುದೊಂದು ತಿಳಿಯಿತು. ನಿಮ್ಮಮ್ಮ ದಿನಾ ಟಪಾಲಿನವನ ದಾರಿ ಕಾಯುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಮೊನ್ನೆ ಸೋಮವಾರ ಒಬ್ಬ ಬಂದಿದ್ದ. ಹೆಸರು ಮುನಿಕೃಷ್ಣಪ್ಪ, ತಳಿ ಊರಿನ ಕಡೆಯವನಂತೆ. ನಿನ್ನ ಕುದುರೆ ದಳದಲ್ಲೇ ಇದ್ದನಂತೆ, ಗಾಯವಾಗಿ ಮನೆಗೆ ಕಳಿಸಿದರಂತೆ. ಕುತ್ತಿಗೆಯ ಮೇಲೆ ಸುಟ್ಟ ಕಲೆ ತೋರಿಸಿದ. ಒಲೆಯಲ್ಲೂ ಸುಟ್ಟುಕೊಳ್ಳಬಹುದು. ನಿಮ್ಮಮ್ಮ ಕದಿರಮ್ಮನ ಹೆಸರು ಹೇಳಿದ. ಸಂತೆಯಲ್ಲಿ ಒಂದು ಬೀಡಿ ಕೊಟ್ಟರೆ ಯಾರಾದರೂ ಹೇಳುತ್ತಾರೆ. ಸಿಪಾಯಿಗಳ ಮನೆ ಹುಡುಕಿಕೊಂಡು ಬಂದು ಊಟ ಹೊಡೆಯುವವರು ಈಗ ಬೇಕಾದಷ್ಟಿದ್ದಾರೆ. ಆದರೆ ನಿಮ್ಮಮ್ಮ ಮುದ್ದೆ ಬಡಿಸಿದರೆ ತಲೆ ತಗ್ಗಿಸಿ ಕೂತ, ಮುಟ್ಟಲೇ ಇಲ್ಲ. ಊಟಕ್ಕಲ್ಲದಿದ್ದರೆ ಇನ್ನೂ ದೊಡ್ಡದಕ್ಕೇ ಬಂದಿದ್ದಾನೆ ಅಂದುಕೊಂಡೆ.

ಅವಳು ನೀರಿಗೆ ಹೋದಾಗ ನಿನ್ನ ವಿಷಯ ಒಂದು ಮಾತು ಹೇಳಿದ. ಅದನ್ನು ಬರೆಯಲಾರೆ. ಕೇಳಿ ಮೈಯೆಲ್ಲ ಉರಿಯಿತು. ಮತ್ತಿಗಿರಿಯಲ್ಲಿ ದಂಡಿನ ಕುದುರೆ ಸಾಕಿದವನು ನಾನು, ನನ್ನ ಹತ್ತಿರ ಆಟವೇ? ಎದುರುಮನೆ ಪಾಪಯ್ಯನ ಜಟಕಾ ಕುದುರೆ ತೋರಿಸಿ, "ಕುದ್ರೆ ದಳದೋನಲ್ವೇನ್ಲಾ? ಅದ್ರ ಹಿಂಗಾಲೆತ್ತಿ ಲಾಳ ನೋಡು" ಅಂದೆ.

ಮೊದಲು ಬೆನ್ನು ಸವರಿ, ಆಮೇಲೆ ಕಾಲಿನುದ್ದಕ್ಕೂ ಕೈ ಇಳಿಸಬೇಕೆನ್ನುವುದು ನಿನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಈ ಮಹಾಶಯ ನೇರವಾಗಿ ಅದರ ಹಿಂದೆ ಹೋಗಿ ನಿಂತ. ಅದು ಒದೆಯಿತು, ಇವನು ಮಣ್ಣಲ್ಲಿ ಬಿದ್ದ.

"ನಮಗೆ ಕುದ್ರೆ ಎಲ್ಲೈತೆ ದೊಡ್ಡಪ್ಪ? ಹೆಸ್ರಿಗಷ್ಟೇ ಕುದ್ರೆ ದಳ. ನಾನು ಸೇರೋ ಹೊತ್ಗೆ ಎಲ್ಲಾ ಕಿತ್ಕೊಂಡು ಲಾರಿ ಕೊಟ್ಬುಟ್ಟಿದ್ರು" ಅಂದ.

"ಕುದ್ರೆ ಇಲ್ದಿರೋ ಕುದ್ರೆ ದಳ ನನ್ಗೇ ಹೇಳ್ತೀಯೇನ್ಲಾ? ಎದ್ದು ಹೋಗ್ಲಾ!" ಎಂದು ಅಟ್ಟಿಬಿಟ್ಟೆ. ಬೀದಿ ತಿರುವಿನಲ್ಲಿ ನಿಂತು ಕೈ ಮುಗಿದ. ಅಂಥ ನಾಟಕ ಎಷ್ಟು ನೋಡಿಲ್ಲ ನಾನು.

ಅವನ ಸಹವಾಸ ನಿನಗಿದ್ದರೆ ಬಿಟ್ಟುಬಿಡು. ಹೊತ್ತಿಗೆ ಸರಿಯಾಗಿ ಉಣ್ಣು. ಮುನೇಶ್ವರ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಮುತ್ತರಾಯಪ್ಪ

ಮತ್ತೆ ಬರೆದದ್ದು: ಇದನ್ನು ಟಪಾಲಿಗೆ ಹಾಕಲು ಹೊಸೂರಿಗೆ ಬಂದೆ. ಕುದುರೆ ದಳದಿಂದ ಪಿಂಚಣಿಯಾಗಿ ಇಲ್ಲಿರುವ ದಫೇದಾರರಿಗೆ ಆ ಸುಳ್ಳನ ಕಥೆ ಹೇಳಿ ನಗೋಣವೆಂದುಕೊಂಡಿದ್ದೆ. ಅವರು ನಗಲಿಲ್ಲ. "ಅವನು ಹೇಳಿದ್ದು ನಿಜಾನೇ ಮುತ್ತರಾಯಪ್ಪ. ದಂಡಲ್ಲಿ ಕುದ್ರೆ ಕಾಲ ಮುಗೀತು. ಈಗ ಸೇರೋ ಹುಡುಗ್ರು ಕುದ್ರೆ ಮುಟ್ಟೇ ಇರಾಕಿಲ್ಲ" ಅಂದರು. ಅವರ ಜಗಲಿಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಮುನಿಕೃಷ್ಣಪ್ಪ ಹೇಳಿದ್ದು ಇದು: ನಿನ್ನ ಲಾರಿಗೆ ಗುಂಡು ಬಿದ್ದು ಬೆಂಕಿ ಹತ್ತಿಕೊಂಡಿತಂತೆ, ನೀನು ಅದರಿಂದ ಇಳಿಯಲೇ ಇಲ್ಲವಂತೆ. ನಿಮ್ಮಮ್ಮನಿಗೆ ಹೇಳಿಲ್ಲ. ಸರ್ಕಾರದ ತಂತಿಯೂ ಬಂದಿಲ್ಲ. ಲಾರಿಯ ಮಾತು ನಿಜವಾದರೆ ಇದೂ ನಿಜವೇ ಆಗಬೇಕೆಂದೇನಿಲ್ಲ, ಅಲ್ಲವೇನಪ್ಪ? ಅವನು ಸುಳ್ಳನೆಂದು ಒಂದೇ ಒಂದು ಗೆರೆ ಬರೆ. ನಿನ್ನ ಕೈಯಾರೆ ಬರೆ.