ಅನುಮತಿ ಇದೆ ಎಂದಿದ್ದೆ

ಸೂಸ್
ನವೆಂಬರ್ 23, ಭಾನುವಾರ

ಪ್ರೀತಿಯ ವಿದಾದ್,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ, ಕಾಗದ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ಫೋನ್ ಮಾಡಬಹುದಿತ್ತು. ಮೂರು ಸಲ ಮಾಡಿದೆ ಕೂಡ. ನೀನು "ಹೇಳಿ ಅಕ್ಕ" ಎಂದ ಕೂಡಲೇ ಮಕ್ಕಳು ಹೇಗಿದ್ದಾರೆ, ನಿಮ್ಮ ಬೆಟ್ಟದ ಕಡೆ ಚಳಿ ಶುರುವಾಯಿತಾ ಎಂದೆಲ್ಲ ಕೇಳಿ ಇಟ್ಟುಬಿಟ್ಟೆ. ಕಾಗದದಲ್ಲಾದರೆ ನಿನ್ನ ದನಿ ಕೇಳಿಸುವುದಿಲ್ಲ, ಹೇಳಿ ಮುಗಿಸಬಹುದು ಎಂದು ಕುಳಿತಿದ್ದೇನೆ.

ಮೈಸಮ್‌ಳ ವಿಡಿಯೊ ಹೊರಗೆ ಹೋದದ್ದು ನಿನ್ನಿಂದಲ್ಲ. ನನ್ನಿಂದ.

ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಾಲ್ಕು ಪುಟ ಸುತ್ತಿ ಬಳಸಿ ಕೊನೆಗೆ ಬರೆಯದೆಯೇ ಲಕೋಟೆ ಅಂಟಿಸುತ್ತಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ನೀನು ಅದನ್ನು ನನಗೆ ಕಳಿಸಿದೆ. ನಿನ್ನ ಯುವಕೇಂದ್ರದ ಹನ್ನೊಂದು ಮಕ್ಕಳಿಗೆ ಫೋನಿನಲ್ಲಿ ವಿಡಿಯೊ ಮಾಡಿ ತಮ್ಮ ಬದುಕಿನ ಕಥೆ ಹೇಳುವುದನ್ನು ಕಲಿಸುತ್ತಿದ್ದೆ; ಹದಿನಾರರ ಮೈಸಮ್ ತನ್ನ ತಾಯಿಯನ್ನೇ ಚಿತ್ರೀಕರಿಸಿದ್ದಳು. ಎರಡೂವರೆ ನಿಮಿಷ. ಆಲಿವ್ ತೋಟದ ಕೂಲಿಗೆ ಹೋಗಲು ಹನಿಯಾ ಇನ್ನಿಬ್ಬರು ಹೆಂಗಸರ ಜೊತೆ ರಸ್ತೆ ಬದಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವ ತೆರೆದ ಗಾಡಿಗೆ ಕಾಯುತ್ತ ಮಗಳಿಗೆ ಹೇಳುತ್ತಾಳೆ: "ಗಾಡಿಯವ ತಳಕ್ಕೆ ನೀರು ಸುರೀತಾನೆ ಕಣೇ, ಯಾರೂ ಕೂತ್ಕೋಬಾರ್ದು ಅಂತ. ನಿಂತ್ರೆ ಇನ್ನೂ ಹತ್ತು ಜನ ಹಿಡೀತಾರಲ್ಲ. ಕುರಿಗಳಾದ್ರೆ ಮಲಗಕ್ಕಾದ್ರೂ ಬಿಡ್ತಾರೆ." ಆಮೇಲೆ ಮೂವರೂ ನಗುತ್ತಾರೆ. ಆ ನಗುವಿನ ಮೇಲೆ ಗಾಳಿ ಬಡಿಯುವ ಸದ್ದಿತ್ತು. ಅದನ್ನು ತೆಗೆಯುವುದು ಹೇಗೆ ಎಂದು ಕೇಳಲು ನೀನು ಕಳಿಸಿದ್ದು. ಜೊತೆಗೆ ಬರೆದಿದ್ದೆ: "ಅಕ್ಕ, ಇದು ನಮ್ಮ ಹನ್ನೊಂದು ಜನರ ಆಚೆ ಹೋಗಬಾರದು. ಮೈಸಮ್‌ಗೆ ಮಾತು ಕೊಟ್ಟಿದ್ದೇನೆ." ನಾನು ಉತ್ತರ ಬರೆದೆ: "ಇದನ್ನು ನನಗೆ ಹೇಳಬೇಕಾ?"

ಹೌದು ವಿದಾದ್, ನನಗೇ ಹೇಳಬೇಕಿತ್ತು.

ಜನವರಿಯಲ್ಲಿ ಹಮ್ಮಾಮೆತ್‌ನಲ್ಲಿ ನಾನು ನಡೆಸಿದ ಮೂರು ದಿನದ ತರಬೇತಿ. ದೇಶದ ನಾನಾ ಕಡೆಯಿಂದ ಬಂದ ಇಪ್ಪತ್ತನಾಲ್ಕು ಯುವ ಕಾರ್ಯಕರ್ತರು. ನೀನೂ ಬರಬೇಕಿತ್ತು, ಮಗುವಿಗೆ ಜ್ವರವೆಂದು ಉಳಿದೆ. ಎರಡನೆಯ ದಿನ ನಮ್ಮ ಯುವಜನ ಇಲಾಖೆಯ ದೊಡ್ಡ ಅಧಿಕಾರಿ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ನಾನು ತಂದಿದ್ದ ಉದಾಹರಣೆಗಳೆಲ್ಲ ಸಪ್ಪೆ. ಕಸ ಹೆಕ್ಕುವ ಮಕ್ಕಳು, ಗೋಡೆಗೆ ಬಣ್ಣ ಬಳಿಯುವ ಮಕ್ಕಳು. ಅಧಿಕಾರಿ ಎರಡು ಸಲ ಗಡಿಯಾರ ನೋಡಿಕೊಂಡರು. ಆಗ ನಾನು ನನ್ನ ಫೋನನ್ನು ಪರದೆಗೆ ಜೋಡಿಸಿ ಮೈಸಮ್‌ಳ ವಿಡಿಯೊ ಹಾಕಿದೆ.

ಅವತ್ತಿನ ಪಾಠ ಯಾವುದಿತ್ತು ಗೊತ್ತೇ? ಅನುಮತಿ. ಬಿಳಿ ಹಲಗೆಯ ಮೇಲೆ ನನ್ನ ಕೈಯಕ್ಷರದಲ್ಲೇ ಇತ್ತು: "ಯಾರು ಒಪ್ಪಿದರು? ಯಾರಿಗೆ ತೋರಿಸಲು ಒಪ್ಪಿದರು?" ಅದರ ಪಕ್ಕದಲ್ಲೇ ಹನಿಯಾ ನಗುತ್ತಿದ್ದಳು. ಮೆದನೀನ್ ಕಡೆಯ ಹೆಂಗಸೊಬ್ಬಳು ಕೈ ಎತ್ತಿ ಕೇಳಿದಳು, "ಮೇಡಮ್, ಇದಕ್ಕೆ ಆ ತಾಯಿ ಅನುಮತಿ ಇದ್ಯಾ?" ನಾನು ಇದೆ ಎಂದೆ. ಯೋಚಿಸಲೂ ಇಲ್ಲ. ಊಟ ಆಯಿತಾ ಎಂದು ಕೇಳಿದರೆ ಆಯಿತು ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟೆ. ಅಧಿಕಾರಿ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಯಾರೋ ಫೋನ್ ಎತ್ತಿ ಪರದೆಯನ್ನು ಚಿತ್ರೀಕರಿಸಿಕೊಂಡಿರಬೇಕು, ನಾನು ಗಮನಿಸಲಿಲ್ಲ.

ಎಂಟು ದಿನಕ್ಕೆ ಅದು ತರಬೇತಿಗೆ ಬಂದಿದ್ದ ಲಸಾದ್ ಎಂಬ ಕಾರ್ಯಕರ್ತನ ಜಾಲತಾಣದ ಪುಟದಲ್ಲಿ ಕಾಣಿಸಿಕೊಂಡಿತು. ನಾನು ಫೋನ್ ಮಾಡಿ ತೆಗೆಸಿದೆ. ಅಷ್ಟರಲ್ಲಿ ನೂರಾರು ಕಡೆಗೆ ಹೋಗಿತ್ತು. ಅವನು ಹೆದರಿದ್ದ. "ಮೇಡಮ್, ನಾನೇ ಕಚೇರಿಗೆ ಹೇಳ್ಬಿಡ್ಲಾ?" ಎಂದು ಕೇಳಿದ. "ಬೇಡಪ್ಪ, ಸುಮ್ನಿರು, ತಾನಾಗೇ ತಣ್ಣಗಾಗುತ್ತೆ" ಎಂದೆ.

ತಣ್ಣಗಾಗಲಿಲ್ಲ. ಗಾಡಿಯವನು ನೋಡಿದ. ಮುಂದಿನದ್ದು ನನಗಿಂತ ನಿನಗೇ ಚೆನ್ನಾಗಿ ಗೊತ್ತು: ಆ ಮೂವರು ಹೆಂಗಸರನ್ನೂ ಹತ್ತಿಸಿಕೊಳ್ಳುವುದನ್ನು ನಿಲ್ಲಿಸಿದ, ಉಳಿದಿಬ್ಬರು ಹನಿಯಾಳ ಜೊತೆ ಮಾತು ಬಿಟ್ಟರು, ಮೈಸಮ್ ಎಲ್ಲರ ಮುಂದೆ ನಿನ್ನನ್ನು ಸುಳ್ಳುಗಾರ್ತಿ ಎಂದು ಕರೆದು ಕೇಂದ್ರ ಬಿಟ್ಟು ಹೋದಳು.

ವಿಚಾರಣೆ ಶುರುವಾದಾಗ ಇಲಾಖೆ ತಜ್ಞರ ವರದಿ ಕೇಳಿತು. ಡಿಜಿಟಲ್ ಮಾಧ್ಯಮದಲ್ಲಿ ಯುವ ಕಾರ್ಯಕರ್ತರಿಗೆ ತರಬೇತಿ ಕೊಡುವವರಲ್ಲಿ ಹಿರಿಯಳು ನಾನೇ ಅಲ್ಲವೇ? ನನ್ನನ್ನೇ ಕೇಳಿದರು. ಹಮ್ಮಾಮೆತ್‌ನಲ್ಲಿ ನೋಡಿದ್ದವರು ಯಾರೂ ಬಾಯಿ ಬಿಡಲಿಲ್ಲ; ಚಪ್ಪಾಳೆ ತಟ್ಟಿದ್ದು ಆ ಅಧಿಕಾರಿಯೇ ಅಲ್ಲವೇ? ನಾನು ನಿನ್ನ ಕೇಂದ್ರಕ್ಕೆ ಬಂದೆ, ನೀನು ಕೊಟ್ಟ ಪುದೀನ ಚಹಾ ಕುಡಿದೆ, ನಿನ್ನ ಕಂಪ್ಯೂಟರಿನ ಮುಂದೆ ಒಂದು ಗಂಟೆ ಕುಳಿತೆ. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ನಮ್ಮ ಅರ್ಧ ಕೇಂದ್ರಗಳಲ್ಲಿ ಇಲ್ಲ, ನನಗದು ಗೊತ್ತು. ಆದರೂ ಬರೆದೆ: "ಕಂಪ್ಯೂಟರನ್ನು ತೆರೆದಿಟ್ಟಿದ್ದರಿಂದ ವಿಡಿಯೊ ಹೊರಹೋಗಿರುವ ಸಾಧ್ಯತೆಯಿದೆ. ದುರುದ್ದೇಶ ಕಾಣುವುದಿಲ್ಲ." ಎರಡನೆಯ ವಾಕ್ಯ ಬರೆದಾಗ ನಿನಗೇನೋ ಉಪಕಾರ ಮಾಡಿದೆ ಎಂದುಕೊಂಡೆ. ಹಾಗೂ ಅಂದುಕೊಳ್ಳಲು ಆಗುತ್ತದೆ ನೋಡು ಮನುಷ್ಯರಿಗೆ.

ನಿನ್ನನ್ನು ಕೇಂದ್ರದ ಮಕ್ಕಳಿಂದ ಬಿಡಿಸಿ ಪ್ರಾಂತ ಕಚೇರಿಯ ದಾಸ್ತಾನು ಕೋಣೆಗೆ ಹಾಕಿದರು. ಹದಿನಾಲ್ಕು ವರ್ಷ ಮಕ್ಕಳ ನಡುವೆ ಇದ್ದವಳು ಈಗ ಚೆಂಡು, ಬಲೆ ಹಂಚುತ್ತೀಯ. ಈದ್ ದಿನ ಫೋನ್ ಮಾಡಿ ನೀನು ಹೇಳಿದೆ: "ಅಕ್ಕ, ನೀವೊಬ್ರಾದ್ರೂ ದುರುದ್ದೇಶ ಇಲ್ಲ ಅಂತ ಬರೆದ್ರಿ. ನನಗೂ ಈಗ ಅನ್ಸುತ್ತೆ, ನಾನೇ ಯಾವತ್ತೋ ತೆರೆದಿಟ್ಟು ಹೋಗಿದ್ನೇನೋ." ಅವತ್ತು ನಾನು ನಿನ್ನನ್ನು ಸಮಾಧಾನ ಮಾಡಿದೆ. ಎಲ್ಲರಿಂದಲೂ ತಪ್ಪಾಗುತ್ತೆ ಎಂದೆ. ನಾನು ಮಾಡಿದ್ದರಲ್ಲೆಲ್ಲ ಇದೇ ನೀಚ ಕೆಲಸ. ನಿನ್ನ ಕೆಲಸ ಹೋಗಲು ಬಿಟ್ಟದ್ದಲ್ಲದೆ, ನಿನ್ನ ನೆನಪಿನ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಿತ್ತುಕೊಂಡೆ. ನೀನು ತೆರೆದಿಟ್ಟು ಹೋಗಿರಲಿಲ್ಲ, ವಿದಾದ್. ಇದನ್ನು ಎರಡು ಸಲ ಓದು.

ಹೋದ ತಿಂಗಳು ಕೈರುವಾನ್‌ನಲ್ಲಿ ಹೊಸಬರಿಗೆ ತರಬೇತಿ ಇತ್ತು. ಇಲಾಖೆಯ ಹೊಸ ಕೈಪಿಡಿಯಲ್ಲಿ ನಿನ್ನ ಪ್ರಕರಣ ಒಂದು ಪಾಠವಾಗಿದೆ, ಹೆಸರಿಲ್ಲದೆ: "ಎಚ್ಚರ ತಪ್ಪಿದ ಕಾರ್ಯಕರ್ತೆ." ಅದನ್ನು ನಾನೇ ಪಾಠ ಮಾಡಬೇಕಾಯಿತು. ಮಾಡಿದೆ. ಮುಗಿದ ಮೇಲೆ ಒಬ್ಬಳು ಹುಡುಗಿ, ಇಪ್ಪತ್ತೆರಡು ಇರಬಹುದು, ಕೇಳಿದಳು: "ಮೇಡಮ್, ಆ ಕಾರ್ಯಕರ್ತೆ ಏನಾದ್ರು? ಈಗ ಎಲ್ಲಿದ್ದಾರೆ?" ನನಗೆ ಗೊತ್ತಿಲ್ಲ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಆ ಮಧ್ಯಾಹ್ನದ ತರಗತಿ ಬೇರೆಯವರು ತೆಗೆದುಕೊಂಡರು.

ಮೊನ್ನೆ ಬುಧವಾರ ಜನ ತುಂಬಿಸಿಕೊಂಡು ಓಡುವ ಬಾಡಿಗೆ ವ್ಯಾನಿನಲ್ಲಿ ಹನಿಯಾಳ ಹಳ್ಳಿಗೆ ಹೋದೆ. ಅವಳು ಮನೆಯಾಚೆ ಮಣ್ಣೊಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಸರ್ಕಾರದವಳು ಎಂದುಕೊಂಡು ಕುರ್ಚಿ ಕೊಟ್ಟಳು.

"ಆಲಿವ್ ಕೊಯ್ಲು ಶುರುವಾಯ್ತು. ಗಾಡಿ ಇವತ್ತೂ ಹೋಯ್ತು" ಎಂದಳು. "ನಮ್ಮನೆ ಮುಂದೆ ಬರುವಾಗ ಇನ್ನೂ ಜೋರಾಗಿ ಓಡಿಸ್ತಾನೆ." ಆಮೇಲೆ ತಾನಾಗಿಯೇ ನಿನ್ನ ಮಾತೆತ್ತಿದಳು. "ಆ ವಿದಾದ್ ಎರಡು ಸಲ ಬಂದಿದ್ಲು. ಬಾಗಿಲು ತೆಗೀಲಿಲ್ಲ ನಾನು. ಅಲ್ಲಾನಾಣೆ ನಾನು ಕೊಟ್ಟಿಲ್ಲ ಅಂತ ಆಚೆ ನಿಂತ್ಕೊಂಡು ಅತ್ಲು. ಒಳಗೆ ಕೂತು ಕೇಳಿಸ್ಕೊಂಡೆ. ಏನು ಚೆನ್ನಾಗಿ ಆಡ್ತಾಳೆ ನಾಟಕ ಅಂದ್ಕೊಂಡೆ."

ನಾನು ಹೇಳಿದೆ. ಎಲ್ಲವನ್ನೂ ಅಲ್ಲ, ಮುಖ್ಯವಾದದ್ದನ್ನು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ತಿರುಗಿಸುತ್ತ ನಿಂತಳು. ಒಲೆಯೊಳಗಿನ ರೊಟ್ಟಿ ಸೀದ ವಾಸನೆ ಬಂತು, ಅವಳು ತೆಗೆಯಲಿಲ್ಲ.

"ಅತ್ಲು ಕಣಮ್ಮ ಅವ್ಳು" ಎಂದಳು ಕೊನೆಗೆ. "ನನ್ ಬಾಗಿಲಲ್ಲಿ ನಿಂತು ಅತ್ಲು. ತೆಗೀದೇ ಇದ್ದೋಳು ನಾನು. ಗಾಡಿಯವ ಬಿಟ್ಟಿದ್ದು ಬಿಡು, ಅವನಂಥೋರು ಇರ್ತಾರೆ. ಈ ಪಾಪ ನನ್ ತಲೆಗೆ ಯಾಕಮ್ಮ ಕಟ್ಟಿದೆ?"

ಮೈಸಮ್ ಒಳಗೇ ಇದ್ದಳು. ಬಾಗಿಲ ಪರದೆಯ ಹಿಂದಿನಿಂದ ದನಿ ಮಾತ್ರ ಬಂತು. "ವಿದಾದಕ್ಕಂಗೆ ಹೇಳಿದ್ರಾ?"

ಇನ್ನೂ ಇಲ್ಲ ಎಂದೆ.

"ಮತ್ತೆ ಮೊದಲು ಇಲ್ಲಿಗ್ಯಾಕೆ ಬಂದ್ರಿ? ಅವ್ರಿಗೆ ಹೇಳಕ್ಕೆ ಧೈರ್ಯ ಸಾಲಲಿಲ್ಲ ಅಂತನಾ?"

ಹನಿಯಾ ನನಗೆ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನೇ ಎದ್ದು ಬಂದೆ. ರಸ್ತೆಯಲ್ಲಿ ವ್ಯಾನಿಗೆ ಕಾಯುತ್ತ ನಿಂತಾಗ ತೋಟದಿಂದ ತಿರುಗಿ ಬರುವ ಹೆಂಗಸರ ಗಾಡಿ ಹಾದುಹೋಯಿತು. ಎಲ್ಲರೂ ನಿಂತೇ ಇದ್ದರು.

ಇಲಾಖೆಗೆ ಬರೆದ ಪತ್ರದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ವರದಿ ಸುಳ್ಳು, ವಿದಾದ್‌ಳನ್ನು ಅವಳ ಕೇಂದ್ರದ ಮಕ್ಕಳ ಬಳಿಗೆ ಕಳಿಸಬೇಕು, ಇನ್ನು ಮುಂದೆ ನಾನು ಯಾರಿಗೂ ತರಬೇತಿ ಕೊಡುವುದಿಲ್ಲ ಎಂದು ಬರೆದಿದ್ದೇನೆ. ಶುಕ್ರವಾರ ನಾನೇ ಹೋಗಿ ಕೈಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಅವರು ಏನು ಮಾಡುತ್ತಾರೋ ತಿಳಿಯದು. ಬೇಕಾದರೆ ಈ ಕಾಗದವನ್ನೂ ಅವರಿಗೆ ತೋರಿಸು, ಮೈಸಮ್‌ಗೆ ತೋರಿಸು, ಯಾರಿಗೆ ಬೇಕಾದರೂ ತೋರಿಸು. ಇದಕ್ಕೆ ನನ್ನ ಅನುಮತಿ ಇದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು, ಇಷ್ಟು ದಿನ ಅದನ್ನೇ ನಂಬಿಕೊಂಡು ಬದುಕಿದೆ. ಉತ್ತರ ಬರೆಯಲೇಬೇಕೆಂದಿಲ್ಲ. ಹನಿಯಾ ಮಾತ್ರ ನಿನ್ನ ದಾರಿ ನೋಡುತ್ತಿದ್ದಾಳೆ ಎಂದು ನನಗನಿಸುತ್ತದೆ.

ನಿನ್ನ ಮುಂದೆ ತಲೆ ಎತ್ತಲಾಗದ,
ನಜೀಬಾ

ಮರೆತದ್ದು, ಅಲ್ಲ, ಮರೆಮಾಚಿದ್ದು: ಯಾರೋ ಪರದೆಯನ್ನು ಚಿತ್ರೀಕರಿಸಿಕೊಂಡಿರಬೇಕು, ನಾನು ಗಮನಿಸಲಿಲ್ಲ ಎಂದು ಮೇಲೆ ಬರೆದೆ. ಅದು ಸುಳ್ಳು. ಹನಿಯಾಳಿಗೂ ಹಾಗೆಯೇ ಹೇಳಿ ಬಂದೆ. ಇಲಾಖೆಯ ಪತ್ರದಲ್ಲಿ ಮಾತ್ರ ನಿಜವಿದೆ. ನಕಲು ಓದಿದರೆ ನಿನಗೆ ಹೇಗೂ ತಿಳಿಯುತ್ತಿತ್ತು, ಆದರೂ ನಿನಗೆ ಬರೆಯುವಾಗ ಕೈ ಜಾರಿಕೊಂಡಿತು. ಕಾಗದ ಹರಿದು ಹೊಸದಾಗಿ ಬರೆಯಬಹುದಿತ್ತು. ನಾನು ಕೊನೆಯವರೆಗೂ ಹೇಗೆ ನುಣುಚಿಕೊಳ್ಳುತ್ತೇನೆ ಎಂಬುದು ನಿನಗೆ ಕಾಣಲಿ ಎಂದು ಹಾಗೇ ಬಿಟ್ಟಿದ್ದೇನೆ. ಅವತ್ತು ಊಟದ ಬಿಡುವಿನಲ್ಲಿ ಲಸಾದ್ ಬಂದು, "ಮೇಡಮ್, ನಮ್ ಹುಡುಗ್ರಿಗೂ ತೋರಿಸ್ತೀನಿ, ಆ ವಿಡಿಯೊ ಕಳಿಸ್ತೀರಾ?" ಎಂದು ಕೇಳಿದ. ನಾನೇ ನನ್ನ ಫೋನಿನಿಂದ ಕಳಿಸಿದೆ. ಯಾರಿಗೂ ಕೊಡಬೇಡ ಎಂದೂ ಹೇಳಲಿಲ್ಲ. ಅವನನ್ನು ಕೇಳಿದ್ದು ಒಂದೇ ಮಾತು: "ಅಧಿಕಾರಿಗಳಿಗೆ ಹಿಡಿಸಿತು ಅಂತ ಕಾಣುತ್ತೆ, ಅಲ್ವಾ?"