ಕೌದಿಯ ಕೊನೆಯ ಮೂಲೆ

ನವೆಂಬರ್ 4, ಮೂಡಲಗಿ

ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹಿಟ್ಟು ಬರುವ ತನಕ ಇದಿಷ್ಟು ಬರೆಯುತ್ತೇನೆ.

ತಮ್ಮನ ಮಗಳು ನೇತ್ರಾ ಹೊಸ ಕಾರು ತಂದಿದ್ದಾಳೆ. 'ಅತ್ತಿ, ರತ್ನಾಗಿರಿಗೆ ಹೋಗೂಣು. ಸಮುದ್ರ ತೋರಸ್ತೇನಿ.' ಹೂಂ ಅಂದೆ. ಆದರೆ ಮನಸ್ಸು ಸಮುದ್ರದ ತನಕ ಹೋಗುತ್ತಿಲ್ಲ, ಹುಕ್ಕೇರಿಯಲ್ಲೇ ನಿಲ್ಲುತ್ತಿದೆ. ಅಲ್ಲಿ ಸುಗರಾಬಿ ಇದ್ದಾಳೆ. ಹಿಂದೆ ಗೋಕಾಕದಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳಿದವರು ನಾವು. ನಿನ್ನೆ ಅವಳ ಗಂಡ ಖಾದರಬಾಷಾ ಅವಳಿಗೆ ಗೊತ್ತಾಗದಂತೆ ಫೋನ್ ಮಾಡಿದ್ದರು.

'ಅಕ್ಕಾರ, ಎರಡೂ ಕಣ್ಣಾಗ ಪೊರಿ ಬಲತೈತಿ. ತಡಾ ಮಾಡಬ್ಯಾಡ್ರಿ ಅಂದಾರ ಡಾಕ್ಟರು. ಆಪರೇಶನ್ ಅಂದ್ರ ಗ್ವಾಡಿ ಕಡೆ ಮುಖಾ ಮಾಡಿ ಮಲಗತಾಳ. ನೀವರ ಹೇಳ್ರಿ.'

ಕೊಲ್ಲಾಪುರದ ಕಣ್ಣಿನ ದವಾಖಾನೆ ನಮ್ಮ ದಾರಿಯಲ್ಲೇ ಇದೆ. ಕಾರಿನಲ್ಲಿ ಜಾಗವೂ ಇದೆ. ನಾನು ಹೇಳಿದರೆ ಬರುತ್ತಾಳೆಯೇ?

ನವೆಂಬರ್ 12, ಮಧ್ಯಾಹ್ನ, ಕಾರಿನಲ್ಲಿ

ಅಕ್ಷರ ಕುಣಿಯುತ್ತಿವೆ. ಅರಭಾವಿಯಲ್ಲಿ ಕಾಲೇಜು ಮಕ್ಕಳ ಬಸ್ಸು, ಮುಂದೆ ಕಬ್ಬಿನ ಟ್ರ್ಯಾಕ್ಟರು. ಗೋಕಾಕದಲ್ಲಿ ಕರದಂಟು ಕೊಂಡೆ. 'ಅತ್ತಿ, ನೀ ಚಡಪಡಿಸಿದ್ರ ಕಾರ್ ಜೋರ ಓಡೂದಿಲ್ಲ' ಎನ್ನುತ್ತಾಳೆ ನೇತ್ರಾ. ಮಾತು ಹೊಂದಿಸುತ್ತಿದ್ದೇನೆ. ಬೈಯಲೋ, ಬೇಡಿಕೊಳ್ಳಲೋ...

ಸಂಜೆ, ಹುಕ್ಕೇರಿ

ಬಾಗಿಲಲ್ಲೇ ನೇತ್ರಾಳ ಗಲ್ಲ ಹಿಡಿದು, 'ಯಶೋ, ಎಷ್ಟ ಸೊರಗೀಯಲ್ಲ!' ಎಂದಳು ಸುಗರಾಬಿ. ಯಶೋಧರಾ ನಾನು, ಪಕ್ಕದಲ್ಲಿ ನಿಂತಿದ್ದೆ. ಯಾರೂ ನಗಲಿಲ್ಲ.

ಚಹಾ ಮುಗಿಯುವ ಮೊದಲೇ ದವಾಖಾನೆ ಮಾತು ತೆಗೆದೆ. ತಡೆಯಲಾಗಲಿಲ್ಲ.

'ಇದ್ದ ಬೆಳಕೂ ಹ್ವಾದ್ರ ನೀ ಕೊಡ್ತೀಯೇನ? ಜೀನತಳ ಕೂಸಿಗೆ ಹಳೀ ಸೀರಿ ಕೂಡಿಸಿ ಕೌದಿ ಹೊಲಿಯಾಕತ್ತೇನಿ. ಮುಗೀಲಿ, ನೋಡೂಣು.' ಜೀನತ ಅವಳ ಮೊಮ್ಮಗಳು, ದಿನ ತುಂಬಿವೆ.

'ಒಂದ ಮುಗದ್ರ ಇನ್ನೊಂದ ತಗೀತಾಳ್ರಿ ಅಕ್ಕಾರ' ಎಂದರು ಖಾದರಬಾಷಾ.

ನನಗೊಂದು ಬುದ್ಧಿ ಹೊಳೆಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೊಂದು ರೊಟ್ಟಿ ಚೂರು ಇಡುತ್ತೇವೆ, ಹೊದ್ದವರು ಹಸಿದಿರಬಾರದೆಂದು. ಇಟ್ಟ ಮೇಲೆ ಅರ್ಧಕ್ಕೆ ಬಿಟ್ಟೇಳುವಂತಿಲ್ಲ. ಬುಟ್ಟಿಯಿಂದ ರೊಟ್ಟಿ ಮುರಿದು ಇಟ್ಟೇಬಿಟ್ಟೆ.

'ಏನ ಮಾಡಿದಿ ಹುಚ್ಚಿ! ಇನ್ನೂ ಎರಡ ಗೇಣ ಅಂಚ ಬಾಕಿ ಐತಿ!'

'ಹೊಲಿ ಹಂಗಾದ್ರ. ಇವತ್ತ ಮುಗಸು, ನಾಳೆ ಕಾರ್ ಹತ್ತು.'

ಸಿಟ್ಟಿನಿಂದ ಹೊಲಿದಳು. ಬೆರಳಿನಿಂದ ಅಂಚು ತಡವುತ್ತ, ಬಿರಬಿರನೆ. ಮುಗಿಯಿತೆಂದು ಎದ್ದಳು — ಕೌದಿಯೂ ಎದ್ದಿತು! ಸೆರಗು ಸೇರಿಸಿ ಹೊಲಿದಿದ್ದಳು.

'ಅರಿವಿ ಕಡಿಮಿ ಬಿತ್ತಂತ ಉಟ್ಟ ಸೀರಿನೂ ಹಚ್ಚಿದೇನ?' ಎಂದರು ಖಾದರಬಾಷಾ. ನಕ್ಕೆವು. ಅವಳೂ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಕೈಯಿಂದ ತಡಕಾಡಿ, 'ಸೂಜಿ ಎಲ್ಲೈತಿ?'

ಸೂಜಿ ಸೆರಗಿನಲ್ಲೇ ಜೋತಿತ್ತು. ಆದರೆ ಹುಡುಕುವಾಗ ನೇತ್ರಾಳ ಬೆರಳಿಗೆ ಬೇರೊಂದು ಚುಚ್ಚಿತು. ಕೌದಿಯ ನಡುವೆ, ಪದರದೊಳಗೆ. ಎಂದೋ ಬಿಟ್ಟದ್ದು, ತುಕ್ಕು ಹಿಡಿದಿತ್ತು.

ಸುಗರಾಬಿ ಅದನ್ನು ಅಂಗೈಯಲ್ಲಿ ಇಸಿದುಕೊಂಡಳು. 'ಕೂಸಿನ ಮೈಮ್ಯಾಲ ಹಾಕೂ ಕೌದಿ...' ಎನ್ನುತ್ತ ಕೌದಿಯನ್ನು ಗೇಣು ಗೇಣಾಗಿ ಒತ್ತಿ ನೋಡಿದಳು.

ಸೆರಗು ಬಿಡಿಸಿದೆ. ಅಂಚನ್ನು ನಾನೇ ಹೊಲಿದು ಮೂಲೆ ಮುಚ್ಚಿದೆ. ಅವಳು ಬೆರಳಾಡಿಸುತ್ತ, 'ಡೊಂಕ ಆತು. ಅದೂ ಡೊಂಕ' ಎನ್ನುತ್ತ ಕುಳಿತಳು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ನವೆಂಬರ್ 13, ಬೆಳಿಗ್ಗೆ

ನೇತ್ರಾ ಕಾರು ತಿರುಗಿಸಿ ನಿಲ್ಲಿಸಿದ್ದಾಳೆ. 'ಅತ್ತಿ, ಏಳ. ಸಂಕೇಶ್ವರದಾಗ ನಾಷ್ಟಾ ಮಾಡೂಣು.' ಮತ್ತೊಮ್ಮೆ ಹಾರ್ನ್. ನಾನು ಕಟ್ಟೆಯ ಮೇಲೆ ಬರೆಯುತ್ತ ಕುಳಿತಿದ್ದೇನೆ, ಕೈಗೊಂದು ಕೆಲಸ ಬೇಕಲ್ಲ. ಒಳಗೆ ಟ್ರಂಕ್ ತೆರೆದ ಸದ್ದು. ಮುಚ್ಚಿದ ಸದ್ದು. ಈಗ ಏನೂ ಇಲ್ಲ. ಒಳಗೆ ಹೋಗಿ ಕೇಳಲೇ? ಬೇಡ. ಕೇಳಿದರೆ ಹಟ ಹಿಡಿಯುತ್ತಾಳೆ. ಕೇಳದಿದ್ದರೆ...

ಖಾದರಬಾಷಾ ಹೊರಗೆ ಬಂದರು. ಕಾರಿನ ಹಿಂದಿನ ಸೀಟನ್ನು ಹೆಗಲ ಮೇಲಿನ ಟವೆಲ್‌ನಿಂದ ಒರೆಸುತ್ತಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ.

ಬಾಗಿಲಲ್ಲಿ ಸುಗರಾಬಿ. ಕೈಯಲ್ಲಿ ಚೀಲ. 'ಯಶೋ, ಎಲ್ಲಿದ್ದಿ? ನನಗ ಅಂಜಿಕಿ ಬರಾಕತ್ತೈತಿ.'

ಅವಳ ಮುಂದೆ ಮೆಟ್ಟಿಲಿದೆ, ಅವಳಿಗೆ ಅದು ಕಾಣುತ್ತಿಲ್ಲ, ಎದ್ದೆ—